‘ಜೇನ್ ಡೋ’ ಧಾರಾವಾಹಿಯೋ, ಸಿನಿಮಾವೋ? ಯಾವ ಬಗೆಯ ಕಥೆ ಅದು?

ಧಾರಾವಾಹಿಯಲ್ಲ. ಅಮೆರಿಕದ ಹಾಲ್‌ಮಾರ್ಕ್ ಚಾನೆಲ್‌ಗೆಂದೇ 2005ರಿಂದ 2008ರವರೆಗೆ ತಯಾರಾದ ಒಂಬತ್ತು ಟಿವಿ ಸಿನಿಮಾಗಳ ಸರಣಿ. ಪ್ರತಿ ಚಿತ್ರಕ್ಕೂ ಅದರದೇ ಪ್ರಕರಣ ಇರುವುದರಿಂದ ಎಲ್ಲಿಂದ ಬೇಕಾದರೂ ಶುರು ಮಾಡಬಹುದು. ಆದರೂ ಮೊದಲನೆಯದನ್ನೇ ಮೊದಲು ನೋಡಿ, ಕ್ಯಾಥಿ ಡೇವಿಸ್ ಯಾರೆಂದು ಗೊತ್ತಾಗುವುದು ಅಲ್ಲೇ.

ಊರಾಚೆಯ ಬಡಾವಣೆಯಲ್ಲಿ ಗಂಡ, ಮಗಳು, ಮಗನೊಂದಿಗೆ ಸಂಸಾರ ಮಾಡಿಕೊಂಡಿರುವ ಕ್ಯಾಥಿ ಒಗಟುಗಳನ್ನು ರಚಿಸುವವಳು. ಒಂದು ಕಾಲಕ್ಕೆ ಸರ್ಕಾರದ ಗುಪ್ತಚರ ಸಂಸ್ಥೆಯಲ್ಲಿದ್ದವಳು. ಆ ಸಂಸ್ಥೆ ಮತ್ತೆ ಕರೆಯುತ್ತದೆ, ಹಳೆಯ ಮೇಲಧಿಕಾರಿ ಫ್ರಾಂಕ್ ಡಾರ್ನೆಲ್ ಜೊತೆಯಾಗುತ್ತಾನೆ. ಮನೆಯವರಿಗೆ ಇದರ ಸುಳಿವಿಲ್ಲ. ಒಂದು ಕಡೆ ತನಿಖೆ, ಇನ್ನೊಂದು ಕಡೆ ಮಕ್ಕಳ ಶಾಲೆ, ರಾತ್ರಿಯ ಊಟ: ಈ ಎಳೆದಾಟವೇ ನನಗೆ ಅಪರಾಧಕ್ಕಿಂತ ಹೆಚ್ಚು ಹಿಡಿಸಿದ್ದು. ಒಗಟು ಬಿಡಿಸುವ ಬುದ್ಧಿಯೇ ಅವಳ ಆಯುಧ, ಹಾಗಾಗಿ ರಕ್ತಪಾತ ಕಡಿಮೆ, ಮನೆಮಂದಿಯೆಲ್ಲ ಕೂತು ನೋಡಬಹುದು.

ಕ್ಯಾಥಿಯಾಗಿ ನಟಿಸಿದವರು ಲೀ ಥಾಂಪ್ಸನ್, 1985ರ ‘ಬ್ಯಾಕ್ ಟು ದಿ ಫ್ಯೂಚರ್’ನಲ್ಲಿ ನಾಯಕನ ತಾಯಿಯಾಗಿದ್ದವರು. ಸರಣಿಯ ಒಂದೆರಡು ಚಿತ್ರಗಳನ್ನು ಅವರೇ ನಿರ್ದೇಶಿಸಿದ್ದಾರೆ ಕೂಡ.

ಚಾನೆಲ್ ಆಗ ‘ಮಿಸ್ಟರಿ ವುಮನ್’, ‘ಮೆಕ್‌ಬ್ರೈಡ್’ ಎಂಬ ಪತ್ತೇದಾರಿ ಸರಣಿಗಳ ಚಿತ್ರಗಳನ್ನೂ ಇದರೊಂದಿಗೆ ಸರದಿಯಂತೆ ಹಾಕುತ್ತಿತ್ತು. 1971ರಲ್ಲಿ ಅಮೆರಿಕದ ಎನ್‌ಬಿಸಿ ಚಾನೆಲ್ ‘ಕೊಲಂಬೊ’ವನ್ನು ಬೇರೆ ಪತ್ತೇದಾರಿ ಸರಣಿಗಳೊಂದಿಗೆ ಪ್ರಸಾರ ಮಾಡಿದ್ದು ಇದೇ ಕ್ರಮದಲ್ಲಿ.