ಪೋರ್ಟ್ರೇಟ್ ಕಲಿಯೋಕೆ ಕಲಬುರಗಿ ಬಿಟ್ಟು ಹೋಗಬೇಕಾ?

ಕ್ರಾಪ್ ಸೆನ್ಸರ್ ಕ್ಯಾಮೆರಾ (ಚಿತ್ರ ಹಿಡಿಯುವ ಸೆನ್ಸರ್ ಫುಲ್ ಫ್ರೇಮ್ ಕ್ಯಾಮೆರಾದ್ದಕ್ಕಿಂತ ಚಿಕ್ಕದು), 50 ಎಂಎಂ ಲೆನ್ಸ್ ತಗೊಂಡಿದ್ದೀರಿ. ಪೋರ್ಟ್ರೇಟ್, ಅಂದರೆ ವ್ಯಕ್ತಿಯ ಮುಖದ ಫೋಟೋ, ಸರಿಯಾಗಿ ಕಲಿಯಬೇಕು, ಥಿಯರಿ ಮೊದಲಾ ಪ್ರಾಕ್ಟೀಸ್ ಮೊದಲಾ, ಕೋರ್ಸಿಗೆ ಬೆಂಗಳೂರಿಗೋ ಹೈದರಾಬಾದಿಗೋ ಹೋಗಬೇಕಾ ಎಂದು ಕೇಳಿದ್ದೀರಿ.

ಈಗಲೇ ಹೋಗಬೇಡಿ. ಮೊದಲ ಕೆಲವು ತಿಂಗಳಿಗೆ ನಿಮ್ಮ ಮನೆಯ ತಲೆಬಾಗಿಲು ಸಾಕು. ನಾನೂ ಕಲಬುರಗಿಯವನೇ, ಕಲಿತದ್ದು ಹಾಗೇ.

ನಾನು ಮೊದಲು ತೆಗೆದದ್ದು ನಮ್ಮ ಮುತ್ಯಾನ (ಅಜ್ಜನ) ಫೋಟೋ. ಝೂಮ್ ಲೆನ್ಸನ್ನು ಅಗಲವಾಗಿ ಕಾಣುವ 18 ಎಂಎಂಗೆ ಇಟ್ಟು, ಮುಖದ ಹತ್ತಿರ ಹೋಗಿ ತೆಗೆದೆ. ಮೂಗು ದೊಡ್ಡದಾಯಿತು, ಕಿವಿ ಹಿಂದೆ ಸರಿಯಿತು. ಮುತ್ಯಾ ನೋಡಿ "ಇದು ನನ್ನ ಮಾರಿ ಅಲ್ಲಪಾ" ಅಂದರು. ತಪ್ಪು ಲೆನ್ಸಿನದು ಅಂತ ತಿಳಿದಿದ್ದೆ. ಅಸಲಿಗೆ ತಪ್ಪು ದೂರದ್ದು. ತೀರಾ ಹತ್ತಿರ ನಿಂತರೆ ಮೂಗು ಕ್ಯಾಮೆರಾಕ್ಕೆ ಕಿವಿಗಿಂತ ಬಹಳ ಹತ್ತಿರ ಬಂದುಬಿಡುತ್ತದೆ. ಐದಾರು ಅಡಿ ದೂರ ನಿಂತರೆ ಆ ವ್ಯತ್ಯಾಸ ಕರಗುತ್ತದೆ. ನಿಮ್ಮ 50 ಎಂಎಂ ಕ್ರಾಪ್ ಸೆನ್ಸರ್ ಮೇಲೆ, ಫುಲ್ ಫ್ರೇಮ್ ಕ್ಯಾಮೆರಾದ 75-80 ಎಂಎಂ ಇದ್ದ ಹಾಗೆ ಕಾಣುತ್ತದೆ, ಆ ದೂರಕ್ಕೆ ಚೆನ್ನಾಗಿ ಹೊಂದುತ್ತದೆ. ಬೇರೆ ಲೆನ್ಸ್ ಬೇಡ.

ಇನ್ನು ಬಾಗಿಲು. ಮಧ್ಯಾಹ್ನ ನಮ್ಮ ಬಿಸಿಲಿನಲ್ಲಿ ಯಾರನ್ನೂ ಹೊರಗೆ ನಿಲ್ಲಿಸಬೇಡಿ, ಕಣ್ಣಿನ ಗುಳಿ ಕಪ್ಪಾಗುತ್ತದೆ. ಹೊಸ್ತಿಲಿನ ಒಳಗೆ, ಬಿಸಿಲು ನೇರ ಬೀಳದ ಕಡೆ, ಎರಡು ಅಡಿ ಬಿಟ್ಟು ಕೂರಿಸಿ. ಅಷ್ಟು ದೊಡ್ಡ ಬಾಗಿಲಿನಿಂದ ಬರುವ ಬೆಳಕು ಮೆತ್ತಗಿರುತ್ತದೆ, ನೆರಳಿನ ಅಂಚು ಹರಿತ ಇರುವುದಿಲ್ಲ. ಈಗ ಮುಖವನ್ನು ನಿಧಾನ ತಿರುಗಿಸಲು ಹೇಳಿ. ಒಂದು ಕಡೆ ಬಂದಾಗ ನೆರಳಿನ ಕೆನ್ನೆಯ ಮೇಲೆ, ಕಣ್ಣಿನ ಕೆಳಗೆ, ಸಣ್ಣ ಬೆಳಕಿನ ತ್ರಿಕೋನ ಮೂಡುತ್ತದೆ. ಪುಸ್ತಕದಲ್ಲಿ ರೆಂಬ್ರಾಂಟ್ ಲೈಟಿಂಗ್ ಅನ್ನುವುದು ಇದಕ್ಕೇ. ಕಣ್ಣಾರೆ ಕಂಡಮೇಲೆ ಓದಿದ್ದು ಮರೆಯುವುದಿಲ್ಲ.

ನಮ್ಮ ಕಡೆ ಒಂದು ಅನುಕೂಲವೂ ಇದೆ. ಮನೆ ತುಂಬ ಶಹಾಬಾದ್ ಕಲ್ಲಿನ ನೆಲ, ಅಲ್ವಾ? ಬಾಗಿಲ ಬೆಳಕು ಅದಕ್ಕೆ ಬಡಿದು ಗದ್ದದ ಕೆಳಗಿನ ನೆರಳನ್ನು ಸ್ವಲ್ಪ ತಿಳಿ ಮಾಡುತ್ತದೆ. ಸಾಲದಿದ್ದರೆ ಕೂತವರ ತೊಡೆಯ ಮೇಲೆ ಬಿಳಿ ಪಂಚೆ ಹಾಸಿ. ಇದೇ ಕಾರಣಕ್ಕೆ ಬೀದರ್ ಕೋಟೆಯಲ್ಲಿ ಜೋಪಾನ. ಅಲ್ಲಿನ ಕೆಂಪು ಕಲ್ಲಿನ ಗೋಡೆಗೆ ಬಿಸಿಲು ಬಿದ್ದರೆ ಆ ಕೆಂಪು ಪಕ್ಕದಲ್ಲಿ ನಿಂತವರ ಕೆನ್ನೆಗೂ ಬರುತ್ತದೆ. ಗೋಡೆಯಿಂದ ನಾಲ್ಕು ಹೆಜ್ಜೆ ಮುಂದೆ ನಿಲ್ಲಿಸಿ.

ಬಿಳಿ ರುಮಾಲು, ಬಿಳಿ ಧೋತ್ರದ ಹಿರಿಯರನ್ನು ತೆಗೆಯುವಾಗ ಮುಖ ಕಪ್ಪಾಗಿ ಬರುತ್ತದೆ. ಕ್ಯಾಮೆರಾ ಕಂಡದ್ದನ್ನೆಲ್ಲ ನಡುವಿನ ಬೂದು ಬಣ್ಣಕ್ಕೆ ತರಲು ನೋಡುತ್ತದೆ, ಬಿಳಿ ಜಾಸ್ತಿ ಇದ್ದರೆ ಎಲ್ಲವನ್ನೂ ತಗ್ಗಿಸುತ್ತದೆ. ಸ್ಪಾಟ್ ಮೀಟರಿಂಗ್ (ಒಂದು ಸಣ್ಣ ಜಾಗದ ಬೆಳಕನ್ನಷ್ಟೇ ಅಳೆಯುವ ವಿಧಾನ) ಹಾಕಿ, ಮುಖದ ಮೇಲೆ ಅಳೆಯಿರಿ. ಮೈಬಣ್ಣ ತೀರಾ ಕಪ್ಪಿದ್ದರೆ ಆ ಅಳತೆಗಿಂತ ಎಕ್ಸ್‌ಪೋಶರ್ (ಚಿತ್ರಕ್ಕೆ ಬೀಳುವ ಬೆಳಕು) ಸ್ವಲ್ಪ ಕಡಿಮೆ ಮಾಡಿ, ಇಲ್ಲದಿದ್ದರೆ ಇಲ್ಲದ ಬಿಳುಪು ಬರುತ್ತದೆ. ಜನರನ್ನು ಅವರ ಬಣ್ಣದಲ್ಲೇ ತೋರಿಸಿ, ಇದು ನನಗೆ ಬಹಳ ಮುಖ್ಯ. ಲೆನ್ಸಿನ ಕಿಂಡಿ (ಅಪರ್ಚರ್) ಎಫ್ 1.8ರಷ್ಟು ಅಗಲ ತೆರೆಯುವಂತಿದ್ದರೂ ಅದಕ್ಕಿಂತ ಸಣ್ಣದಾಗಿ ಎಫ್ 2.8ರಿಂದ 4ರ ನಡುವೆ ಇಡಿ, ಎರಡೂ ಕಣ್ಣು ಫೋಕಸ್‌ನಲ್ಲಿ ಉಳಿಯುತ್ತವೆ. ಶಟರ್ ವೇಗ 1/200 ಸೆಕೆಂಡ್ ಸಾಕು.

ಥಿಯರಿಗೆ ನಾನು ಮಾಡುವ ಒಂದು ಅಭ್ಯಾಸ ಹೇಳುತ್ತೇನೆ. ಗೋಡೆಯ ಹಳೇ ಫ್ರೇಮ್ ಆಗಲಿ, ಯಾವುದೇ ಒಳ್ಳೆಯ ಪೋರ್ಟ್ರೇಟ್ ಆಗಲಿ, ಕಣ್ಣಿನೊಳಗಿನ ಬಿಳಿ ಚುಕ್ಕೆ ನೋಡಿ. ಬೆಳಕು ಎಲ್ಲಿತ್ತು, ಎಷ್ಟು ದೊಡ್ಡದಿತ್ತು ಎಂದು ಅದೇ ಹೇಳುತ್ತದೆ. ಆಮೇಲೆ ಅದನ್ನೇ ನಿಮ್ಮ ಬಾಗಿಲಲ್ಲಿ ಮಾಡಲು ನೋಡಿ.

ಶರಣಬಸವೇಶ್ವರ ಗುಡಿಯ ಕಡೆ, ದರ್ಗಾ ಕಡೆ ಮುಖಗಳಿಗೆ ಬರವಿಲ್ಲ. ಆದರೆ ದೂರದಿಂದ ಸುಮ್ನೆ ಕದ್ದು ತೆಗೆಯಬೇಡಿ. ಕೂತು ಮಾತಾಡಿ, ಕೇಳಿ, ಒಂದು ಪ್ರಿಂಟ್ ತಂದು ಕೊಡಿ. ಎರಡನೇ ಸಲ ಹೋದಾಗ ಅವರು ಕ್ಯಾಮೆರಾ ಮರೆತು ನಿಮ್ಮನ್ನು ನೋಡುತ್ತಾರೆ.

ಮುತ್ಯಾನ ಇನ್ನೊಂದು ಫೋಟೋವನ್ನು ಬಾಗಿಲ ಬಳಿಯೇ ತೆಗೆದೆ, ಆರು ಅಡಿ ದೂರದಿಂದ. ಅದನ್ನು ಅವರೇ ಫ್ರೇಮ್ ಹಾಕಿಸಲು ಹೇಳಿದರು.