ಕಾಡು ಉಳಿಸಿದ್ದಕ್ಕೆ ದುಡ್ಡು ಕೊಟ್ಟರೆ ಮಲೆನಾಡಿನ ಕಾನು ಉಳಿಯುತ್ತಾ?

ಕಾಡು ಕಾಪಾಡುವ ಹಳ್ಳಿಯವರಿಗೆ ವರ್ಷಕ್ಕಿಷ್ಟು ಅಂತ ದುಡ್ಡು ಕೊಟ್ಟರೆ ಶಿವಮೊಗ್ಗ ಕಡೆಯ ಜೀವವೈವಿಧ್ಯ ಉಳಿಯುತ್ತಾ ಅಂತ ಕೇಳಿದ್ದೀರಿ. ನಾನು ಸಾಗರ ತಾಲ್ಲೂಕಿನ ಅಡಿಕೆ ಬೆಳೆಗಾರ. ಉಳಿಯುತ್ತದೆ ಅಂತಲೇ ನನ್ನ ನಂಬಿಕೆ. ಆದರೆ ಯಾವ ಕಾಡಿಗೆ, ಯಾರ ಕೈಗೆ ಕೊಡುತ್ತಾರೆ ಅನ್ನುವುದು ಮುಖ್ಯ.

ಒಂದು ವಿಷಯ ಮೊದಲೇ ಹೇಳುತ್ತೇನೆ. ಈ ದುಡ್ಡು ಅಡಿಕೆಯ ಆದಾಯಕ್ಕೆ ಸಮ ಆಗುವುದಿಲ್ಲ. ಕಾನಿನ, ಅಂದರೆ ನಮ್ಮ ಕಡೆಯ ಹಳೆಯ ನಿತ್ಯಹಸಿರು ಕಾಡಿನ, ಅಂಚು ಸವರಿ ತೋಟ ಎಬ್ಬಿಸುವವರನ್ನು ತಡೆಯಲು ಕಾನೂನೇ ಬೇಕು. ಕೋಸ್ಟರಿಕಾ ದೇಶದಲ್ಲೂ ಹಾಗೇ ಮಾಡಿದರು. 1996ರ ಅರಣ್ಯ ಕಾಯ್ದೆಯಲ್ಲಿ ಕಾಡನ್ನು ಬೇರೆ ಬಳಕೆಗೆ ತಿರುಗಿಸುವುದನ್ನು ನಿಷೇಧಿಸಿದರು. ಅದೇ ಕಾಯ್ದೆಯಡಿ ಕಾಡಿನ ಒಡೆಯರಿಗೆ ಹಣವನ್ನೂ ಕೊಟ್ಟರು. ಅದರಲ್ಲಿ ಬಹುಪಾಲು ಪೆಟ್ರೋಲ್, ಡೀಸೆಲ್ ತೆರಿಗೆಯ ಹಣ.

ಇನ್ನು ಯಾವ ಕಾಡು? ಉಪಗ್ರಹದ ಚಿತ್ರದಲ್ಲಿ ಅಕೇಶಿಯಾ ನೆಡುತೋಪೂ ಹಸಿರೇ, ಕಾನೂ ಹಸಿರೇ. ಸುಮ್ನೆ ಎಕರೆ ಲೆಕ್ಕದಲ್ಲಿ ಕೊಟ್ಟರೆ ದುಡ್ಡೆಲ್ಲ ಅಕೇಶಿಯಾಕ್ಕೆ ಹೋಗುತ್ತದೆ. ಕಾನಿನ ಹಳ್ಳದಲ್ಲಿ ರಾಮಪತ್ರೆ ಜಡ್ಡಿ, ಅಂದರೆ ರಾಮಪತ್ರೆ ಮರಗಳು ಬೆಳೆಯುವ ಜೌಗು ಕಾಡು, ನೋಡಿದ್ದೀರಾ? ಬೇರುಗಳು ಕೆಸರಿನಿಂದ ಮೇಲೆದ್ದು, ಬಾಗಿ, ಮತ್ತೆ ಕೆಸರಿಗೇ ಇಳಿದಿರುತ್ತವೆ. ಕಡು ಬೇಸಿಗೆಯಲ್ಲೂ ಅಲ್ಲಿ ನೀರು ಇರುತ್ತದೆ. ಕೆಳಗಿನ ತೋಟ, ಗದ್ದೆ ಬದುಕುವುದು ಆ ನೀರಿನಿಂದ. ಇಂಥ ಜಾಗಕ್ಕೆ ಜಾಸ್ತಿ ಕೊಡಲಿ, ನೆಡುತೋಪಿಗೆ ಒಂದು ಪೈಸೆಯೂ ಬೇಡ.

1868ರಲ್ಲಿ ಬ್ರಿಟಿಷ್ ಆಡಳಿತದ ಅಧಿಕಾರಿಗಳಾದ ಬ್ರಾಂಡಿಸ್ ಮತ್ತು ಗ್ರಾಂಟ್ ಸೊರಬ ತಾಲ್ಲೂಕೊಂದರಲ್ಲೇ 171 ಕಾನುಗಳನ್ನು ಲೆಕ್ಕ ಹಾಕಿದ್ದರು. ಕಾಳುಮೆಣಸಿಗೆ, ನೀರಿಗೆ, ದೇವರಿಗೆ ಅಂತ ಊರವರೇ ಕಾಪಾಡಿಕೊಂಡು ಬಂದ ಕಾಡು ಅವು.

ಹಾಗಾಗಿ ದುಡ್ಡು ಊರಿಗೇ ಬರಬೇಕು. 15ನೇ ಹಣಕಾಸು ಆಯೋಗ ರಾಜ್ಯಗಳಿಗೆ ತೆರಿಗೆ ಹಂಚುವಾಗ ಅರಣ್ಯಕ್ಕೆ ಶೇ 10ರಷ್ಟು ತೂಕ ಕೊಟ್ಟಿತು. ಆದರೆ ಆ ಹಣ ಸೇರುವುದು ರಾಜ್ಯದ ಖಜಾನೆಗೆ. ಕಾನಿನ ಪಕ್ಕದ ಮನೆಗೆ ಅದರಿಂದ ಏನು ಬಂತು? ಪಶ್ಚಿಮಘಟ್ಟದ ನೀರು ಕುಡಿಯುವ ಪಟ್ಟಣಗಳ ನೀರಿನ ಬಿಲ್ಲಿಗೆ ತಿಂಗಳಿಗೆ ಎರಡು ಮೂರು ರೂಪಾಯಿ ಹಸಿರು ಸೆಸ್ ಹಾಕುವ ಪ್ರಸ್ತಾವವನ್ನು 2024ರಲ್ಲಿ ಅರಣ್ಯ ಸಚಿವರು ಮುಂದಿಟ್ಟಿದ್ದರು. ನನಗೆ ಅದು ನ್ಯಾಯ ಅನ್ನಿಸುತ್ತದೆ. ತುಂಗೆಯ ನೀರು ಕುಡಿಯುವವರು ತುಂಗೆಯ ಕಾಡಿಗೆ ಕೊಡಬೇಕು, ಅಲ್ವಾ? ಆದರೆ ಅದರಲ್ಲಿ ಒಂದು ಪಾಲು ನೇರವಾಗಿ ಗ್ರಾಮ ಅರಣ್ಯ ಸಮಿತಿಗೆ ಬರಬೇಕು.

ಅದರಿಂದ ಏನು ಮಾಡಬಹುದು ಅಂತ ಕೇಳಿದರೆ ನಾನು ಉಪ್ಪಾಗೆ ಅನ್ನುವ ಹುಳಿ ಕಾಡುಹಣ್ಣಿನ ಮರ ತೋರಿಸುತ್ತೇನೆ. ಮಳೆಗಾಲದಲ್ಲಿ ಅದು ಹಣ್ಣಾಗುವ ಮೊದಲೇ, ಬೇರೆಯವರು ಕೊಯ್ದುಬಿಟ್ಟಾರು ಅನ್ನುವ ಅವಸರದಲ್ಲಿ ಕೊಂಬೆಯನ್ನೇ ಕಡಿದು ಕೆಡವುತ್ತಾರೆ. ಸಿಂಗಳೀಕಕ್ಕೂ ಉಪ್ಪಾಗೆ ಆಹಾರ. ಹಣ್ಣಾಗುವ ತನಕ ಯಾರೂ ಮುಟ್ಟಬಾರದು ಅಂತ ಊರೇ ಕೂತು ತೀರ್ಮಾನಿಸಿ, ಅಷ್ಟು ದಿನ ಕಾಯುವ ಮನೆಗಳಿಗೆ ಈ ದುಡ್ಡು ಕೊಡಬಹುದು. ಬೇಸಿಗೆಯಲ್ಲಿ ಕಾಡ್ಗಿಚ್ಚು ಹರಡದಂತೆ ಬೆಂಕಿ ರೇಖೆ ಸವರುವ ಕೂಲಿಯನ್ನೂ ಇದರಲ್ಲೇ ಕೊಡಬಹುದು.