ಫೆಸಂಟ್ ಶೂಟ್‌ಗೆ ಲರ್ಚರ್ ಕರೆದುಕೊಂಡು ಹೋಗಲಾ ಅಂತ ಕೇಳಿದವರಿಗೆ

ಸರ್, ನಿಮ್ಮ ಪ್ರಶ್ನೆ ನೋಡಿದೆ. ಇಂಗ್ಲೆಂಡಿನ ಯಾರ್ಕ್‌ಶೈರ್‌ಗೆ ಬಂದು ಎರಡು ವರ್ಷ ಆಯ್ತು, ಶೆಲ್ಟರ್‌ನಿಂದ ಹದಿನಾಲ್ಕು ತಿಂಗಳ ಲರ್ಚರ್ ನಾಯಿ ತಂದಿದ್ದೀರಿ. ಪಕ್ಕದ ರೈತ ನವೆಂಬರ್‌ನಲ್ಲಿ ಫೆಸಂಟ್ (ಕೋಳಿ ಜಾತಿಯ ಬೇಟೆಹಕ್ಕಿ) ಶೂಟ್‌ಗೆ ಬೀಟರ್ ಆಗಿ, ಅಂದರೆ ಹಕ್ಕಿ ಎಬ್ಬಿಸುವವನಾಗಿ, ಬಾ ಅಂದಿದ್ದಾನೆ. ನಾಯಿಯನ್ನೂ ಒಯ್ಯಲಾ ಅನ್ನುವುದು ನಿಮ್ಮ ಪ್ರಶ್ನೆ. ಮೇಲೆ ನಾಲ್ಕೈದು ಜನ "ಬೇಟೆನಾಯಿ ತಾನೇ, ಕರ್ಕೊಂಡು ಹೋಗಿ" ಅಂದಿದ್ದಾರೆ. ನಾನು ಬೇಡ ಅನ್ನುತ್ತೇನೆ. ಈ ವರ್ಷ ಅಂತೂ ಬೇಡ.

ನಾನು ಷ್ರಾಪ್‌ಶೈರ್‌ನಲ್ಲಿ ಒಂಬತ್ತು ಚಳಿಗಾಲದಿಂದ ಬೀಟಿಂಗ್‌ಗೆ ಹೋಗುತ್ತಿದ್ದೇನೆ. ಮನೆಯಲ್ಲಿ ಒಂದು ಸ್ಪ್ರಿಂಗರ್ ಸ್ಪ್ಯಾನಿಯಲ್ ಇದೆ, ಒಂದು ಲರ್ಚರ್ ಇದೆ. ಎರಡನ್ನೂ ಒಂದೇ ಪಾತ್ರೆಯ ಅನ್ನ ಹಾಕಿ ಸಾಕಿದರೂ ಎರಡರ ತಲೆಯೇ ಬೇರೆ.

ಬೀಟಿಂಗ್ ಅಂದರೆ ನಮ್ಮ ಮಲೆನಾಡಿನವರು ಹಳು ಸೋವುವುದು ಅನ್ನುತ್ತಿದ್ದರಲ್ಲ, ಅದೇ. ಕೋವಿಯವರು ಆಚೆ ಸಾಲಾಗಿ ನಿಂತಿರುತ್ತಾರೆ. ನಾವು ಈಚೆಯಿಂದ ಪೊದೆ ಬಡಿಯುತ್ತಾ ನಿಧಾನಕ್ಕೆ ಹೋಗುತ್ತೇವೆ. ಫೆಸಂಟ್‌ಗೆ ಹಾರುವುದಕ್ಕಿಂತ ಓಡುವುದೇ ಇಷ್ಟ. ನಮ್ಮ ಸದ್ದು ಕೇಳಿ ಮುಂದೆ ಮುಂದೆ ಓಡಿ, ಕಾಡಿನ ಅಂಚಿನಲ್ಲಿ ಗುಂಪಾಗಿ ಕೂರುತ್ತವೆ. ಅಲ್ಲಿಂದ ಎರಡು ಮೂರರಂತೆ ಏಳಬೇಕು. ಒಂದು ನಾಯಿ ಸಾಲು ಬಿಟ್ಟು ಒಳಗೆ ನುಗ್ಗಿತೋ, ಇನ್ನೂರು ಹಕ್ಕಿ ಒಟ್ಟಿಗೇ ಭರ್ರ್ ಅಂತ ಎದ್ದು ಹೋಗುತ್ತವೆ. ಅಲ್ಲಿಗೆ ಆ ಡ್ರೈವ್, ಅಂದರೆ ಆ ಸುತ್ತಿನ ಸೋವು, ಮುಗಿಯಿತು.

ಹಾಗಾಗಿ ಇಲ್ಲಿ ಬೇಕಾಗಿರುವುದು ವೇಗ ಅಲ್ಲ. ಸ್ಪ್ಯಾನಿಯಲ್ ಮೂಗು ಹಚ್ಚಿ ಎಡಕ್ಕೂ ಬಲಕ್ಕೂ ಹುಡುಕುತ್ತಾ, ಯಜಮಾನನಿಂದ ಇಪ್ಪತ್ತು ಮೀಟರ್ ಒಳಗೇ ಇರುತ್ತದೆ. ಹಕ್ಕಿ ಎದ್ದ ಕ್ಷಣ ಕುಂಡಿ ಊರಿ ಕೂತುಬಿಡುತ್ತದೆ. ಬಿದ್ದ ಹಕ್ಕಿ ತರುವುದು ಹೆಚ್ಚಾಗಿ ಹಿಂದೆ ನಿಂತಿರುವ ಲ್ಯಾಬ್ರಡಾರ್‌ಗಳ ಕೆಲಸ. ಲರ್ಚರ್ ಇದಕ್ಕೆ ಪೂರ್ತಿ ಉಲ್ಟಾ. ಗ್ರೇಹೌಂಡ್, ವಿಪ್ಪೆಟ್, ಸಲೂಕಿ ಥರದ ಓಟದ ನಾಯಿಗೆ ಕುರಿ ಕಾಯುವ ಕೋಲಿಯನ್ನೋ ಟೆರಿಯರನ್ನೋ ಬೆರೆಸಿ ಬಂದದ್ದು ಅದು. ಕಣ್ಣಿಗೆ ಬಿದ್ದದ್ದನ್ನು ಓಡಿ ಹಿಡಿಯುವುದೇ ಅದರ ಹುಟ್ಟುಗುಣ. ಹಿಂದೆ ಕಳ್ಳಬೇಟೆಯವರು ಇದನ್ನೇ ಸಾಕುತ್ತಿದ್ದದ್ದು ಸುಮ್ನೆ ಅಲ್ಲ. ಸದ್ದಿಲ್ಲದೆ ಹಿಡಿದು ಕೈಗೆ ತಂದು ಕೊಡುತ್ತದೆ. ಅದೇ ಕಾರಣಕ್ಕೆ ಇವತ್ತಿಗೂ ಲರ್ಚರ್ ಕಂಡರೆ ಗೇಮ್‌ಕೀಪರ್‌ಗಳ (ಬೇಟೆಹಕ್ಕಿ ನೋಡಿಕೊಳ್ಳುವವರ) ಮುಖ ಗಂಟಾಗುತ್ತದೆ.

ನನ್ನದೇ ಕಥೆ ಕೇಳಿ. ಮೂರನೇ ವರ್ಷ ನನಗೂ ಹುಮ್ಮಸ್ಸು ಬಂತು, ಲರ್ಚರನ್ನು ಹಗ್ಗದಲ್ಲಿ ಹಿಡಿದುಕೊಂಡು ಹೋದೆ. ಎರಡನೇ ಡ್ರೈವ್. ಜಿಟಿಜಿಟಿ ಮಳೆ, ಹಗ್ಗ ಒದ್ದೆಯಾಗಿ ಕೈಯಲ್ಲಿ ಜಾರುತ್ತಿತ್ತು. ಬೇಲಿಯ ಬುಡದಲ್ಲಿ ಒಂದು ಹೆಣ್ಣು ಫೆಸಂಟ್ ನೆಲಕ್ಕೆ ಅಂಟಿಕೊಂಡು ಕೂತಿತ್ತು, ನನಗೆ ಕಾಣಲೇ ಇಲ್ಲ. ಅದು ಎದ್ದದ್ದು, ಹಗ್ಗ ಜಾರಿದ್ದು, ನಾಯಿ ನನ್ನ ಎದೆ ಮಟ್ಟಕ್ಕೆ ನೆಗೆದು ಗಾಳಿಯಲ್ಲೇ ಹಿಡಿದದ್ದು, ಎಲ್ಲಾ ಒಂದೇ ಉಸಿರಲ್ಲಿ. ನೋಡುವುದಕ್ಕೆ ಚೆಂದವೇ, ಸುಳ್ಳು ಯಾಕೆ ಹೇಳಲಿ. ಆದರೆ ಅಷ್ಟಕ್ಕೇ ಉಳಿದ ಹಕ್ಕಿಗಳೆಲ್ಲ ಎದ್ದು ಪಕ್ಕದವರ ಜಮೀನಿಗೆ ಹೋದವು. ಕೀಪರ್ ಬೈಯಲಿಲ್ಲ. ಆ ಹಕ್ಕಿ ಇಸಿದುಕೊಂಡು ಪಕ್ಕೆ ಒತ್ತಿ ನೋಡಿದ. ಎಲುಬು ಪುಡಿಪುಡಿ. ನನ್ನ ಕೈಗೇ ವಾಪಸ್ ಕೊಟ್ಟು ಮುಂದೆ ಹೋದ. ಬೈದಿದ್ದರೇ ವಾಸಿ ಇತ್ತು.

ಹಾಗಂತ ನಿಮ್ಮ ನಾಯಿ ದಂಡ ಅಂತ ಅಲ್ಲ. ಅದರಲ್ಲಿ ಕೋಲಿ ರಕ್ತ ಇದ್ದರೆ ಬೇಗ ಕಲಿಯುತ್ತದೆ. ಶುರು ಮಾಡುವುದು "ನಿಲ್ಲು" ಇಂದ. ಊಟದ ಬಟ್ಟಲು ಕೈಯಲ್ಲಿ ಹಿಡಿದು, ಒಂದು ಉದ್ದ ಸೀಟಿ ಊದಿ, ಕೈ ಎತ್ತಿ. ನಾಯಿ ಕೂತ ಮೇಲೇ ಬಟ್ಟಲು ಕೆಳಗೆ ಇಡಿ. ಎರಡು ವಾರ ದಿನಾ ಹೀಗೇ. ಆಮೇಲೆ ಹಿತ್ತಲಲ್ಲಿ ಐದು ಮೀಟರ್ ದೂರದಿಂದ, ಆಮೇಲೆ ಹೊಲದಲ್ಲಿ ಮೂವತ್ತು ಮೀಟರ್‌ನಿಂದ. ಅಲ್ಲಿ ಕೂತರೆ ಒಂದು ಟೆನಿಸ್ ಚೆಂಡು ಮುಂದೆ ಉರುಳಿಸಿ ಸೀಟಿ ಊದಿ. ಚೆಂಡಿನ ಹಿಂದೆ ಓಡುತ್ತಿರುವ ಲರ್ಚರ್ ಸೀಟಿಗೆ ಕೂತರೆ ನೀವು ಅರ್ಧ ಗೆದ್ದಹಾಗೆ. ಕೂರಲಿಲ್ಲ ಅಂದರೆ ಬೈಬೇಡಿ, ದೂರ ಕಮ್ಮಿ ಮಾಡಿ. ಬಾಯಲ್ಲಿ ಕೂಗಿ ಅಭ್ಯಾಸ ಮಾಡಿಸಬೇಡಿ, ಮನುಷ್ಯನ ದನಿಗೆ ಹಕ್ಕಿ ಬೆದರುತ್ತವೆ. ಆಕ್ಮೆ 210.5 ಅಥವಾ 211.5 ನಂಬರಿನ ಸೀಟಿ ತಗೊಳ್ಳಿ. ಕಳೆದುಹೋದರೆ ಅದೇ ಸ್ವರದ್ದು ಮತ್ತೆ ಸಿಗುತ್ತದೆ.

ತಂದುಕೊಡುವುದನ್ನು ಕಲಿಸುವುದಕ್ಕೆ ಬಟ್ಟೆ ತುಂಬಿದ ಡಮ್ಮಿ ಸಾಕು. ತಂದ ತಕ್ಷಣ ಬಾಯಿಂದ ಕಿತ್ತುಕೊಳ್ಳಬೇಡಿ. ಗದ್ದದ ಕೆಳಗೆ ಕೈ ಇಟ್ಟು ಸ್ವಲ್ಪ ಹೊತ್ತು ಹಾಗೇ ಹಿಡಿದುಕೊಂಡಿರಲು ಬಿಡಿ. ಕಿತ್ತಷ್ಟೂ ಅದು ಗಟ್ಟಿ ಕಚ್ಚುವುದು ಕಲಿಯುತ್ತದೆ. ನಾನು ಮಾಡಿದ ತಪ್ಪು ಅದೇ.

ಈಗ ಕಾನೂನಿನ ಮಾತು. ನಮ್ಮವರು ಎಡವುವುದು ಇಲ್ಲೇ, ಯಾಕೆಂದರೆ ಕನ್ನಡದಲ್ಲಿ ರ‍್ಯಾಬಿಟ್‌ಗೂ ಮೊಲ, ಹೇರ್‌ಗೂ ಮೊಲ. ಇಂಗ್ಲೆಂಡಿನಲ್ಲಿ ಕಾಡುಪ್ರಾಣಿಗಳನ್ನು ನಾಯಿ ಬಿಟ್ಟು ಬೇಟೆಯಾಡುವುದನ್ನು 2004ರ ಹಂಟಿಂಗ್ ಆ್ಯಕ್ಟ್ ನಿಷೇಧಿಸಿದೆ, 2005ರ ಫೆಬ್ರವರಿಯಿಂದ ಜಾರಿಯಲ್ಲಿದೆ. ರ‍್ಯಾಬಿಟ್‌ಗೂ ಇಲಿಗೂ ವಿನಾಯಿತಿ ಇದೆ, ಜಮೀನಿನವರ ಒಪ್ಪಿಗೆ ಇರಬೇಕು. ಹೇರ್ ಹಿಂದೆ ನಾಯಿ ಬಿಡುವುದು ಅಪರಾಧ. 2022ರಲ್ಲಿ ಶಿಕ್ಷೆ ಇನ್ನೂ ಬಿಗಿ ಮಾಡಿದರು, ಜೈಲೂ ಆಗಬಹುದು. ಗುರುತು ಸುಲಭ: ರ‍್ಯಾಬಿಟ್ ಸಣ್ಣದು, ಬೆದರಿದರೆ ಬಿಲಕ್ಕೆ ಓಡುತ್ತದೆ. ಹೇರ್ ದೊಡ್ಡದು, ಉದ್ದ ಕಾಲು, ಕಿವಿಯ ತುದಿ ಕಪ್ಪು, ಬಯಲಲ್ಲೇ ಮಲಗಿರುತ್ತದೆ. ನಿಮ್ಮ ಕಡೆ ಬಯಲು ಹೊಲ ಜಾಸ್ತಿ. ಹೇರ್ ಇರುವ ಕಡೆ ನಾಯಿಯ ಹಗ್ಗ ಬಿಚ್ಚಲೇಬೇಡಿ.

ಹಕ್ಕಿಗೆ ಬೇರೆ ಲೆಕ್ಕ. ಫೆಸಂಟ್‌ಗೆ ಅಕ್ಟೋಬರ್ 1ರಿಂದ ಫೆಬ್ರವರಿ 1ರವರೆಗೆ ಅವಕಾಶ. 1831ರ ಗೇಮ್ ಆ್ಯಕ್ಟ್ ಪ್ರಕಾರ ಭಾನುವಾರ, ಕ್ರಿಸ್ಮಸ್ ದಿನ ಇಲ್ಲ. ಆ ಕಾನೂನು ಕೋವಿ, ಬಲೆ ಜೊತೆ ನಾಯಿಯ ಹೆಸರನ್ನೂ ಎತ್ತಿ ಹೇಳುತ್ತದೆ. ಹಾಗಾಗಿ "ನಾನೇನು ಕೋವಿ ತಂದಿಲ್ವಲ್ಲ" ಅನ್ನುವ ಮಾತು ನಡೆಯಲ್ಲ. ಸ್ಕಾಟ್ಲೆಂಡ್ ಕಡೆ ಹೋದರೆ ಅಲ್ಲಿನ ಕಾನೂನು ಬೇರೆ, 2023ರಲ್ಲಿ ಇನ್ನೂ ಬಿಗಿಯಾಗಿದೆ.

ಕುರಿ ವಿಷಯ ಮರೆಯಬೇಡಿ. ಕುರಿ ಅಟ್ಟಿಸಿಕೊಂಡು ಹೋಗುವ ನಾಯಿಗೆ ರೈತ ಗುಂಡು ಹಾರಿಸಿದರೂ ಕಾನೂನು ಅವನ ಪರವೇ ನಿಲ್ಲಬಹುದು. ನಿಮ್ಮ ರೈತನ ಹತ್ತಿರವೇ ಕೇಳಿಕೊಂಡು, ಉದ್ದ ಹಗ್ಗ ಹಾಕಿ, ಕುರಿ ಮಂದೆಯ ಪಕ್ಕ ವಾರಕ್ಕೆ ಮೂರು ಸಲ ನಡೆಸಿ. ಕುರಿ ನೋಡಿ ಬೇಜಾರಾಗಿ ಆಕಳಿಸುವ ಹಂತಕ್ಕೆ ನಾಯಿ ಬರಬೇಕು.

ಇನ್ನು ಚರ್ಮ. ಲರ್ಚರ್ ಚರ್ಮ ಹಾಳೆಯ ಥರ ತೆಳು. ಮುಳ್ಳುತಂತಿಗೆ ತಗುಲಿದರೆ ಕವರ್ ಹರಿದಹಾಗೆ ಹರಿಯುತ್ತದೆ, ರಕ್ತ ಜಾಸ್ತಿ ಬರದೇ ಇರುವುದರಿಂದ ಗೊತ್ತೂ ಆಗಲ್ಲ. ಓಡಿ ಬಂದ ಮೇಲೆ ಎದೆ, ತೊಡೆಯ ಒಳಭಾಗ, ಬೆರಳುಸಂದಿ ಕೈಯಾಡಿಸಿ ನೋಡಿ. ಉಪ್ಪುನೀರಿನ ಬಾಟಲಿ, ಅಗಲ ಬ್ಯಾಂಡೇಜ್ ಕಾರಿನಲ್ಲಿ ಇರಲಿ. ಹೊಟ್ಟೆ ತುಂಬಾ ಉಣಿಸಿ ಓಡಿಸಬೇಡಿ, ನಿಂತ ಮೇಲೆ ಕೋಟ್ ಹಾಕಿ. ಮೈಯಲ್ಲಿ ಕೊಬ್ಬಿಲ್ಲದ ನಾಯಿ, ಹತ್ತೇ ನಿಮಿಷಕ್ಕೆ ನಡುಗುತ್ತದೆ.

ಕೊನೆಗೆ ಊರಿನಲ್ಲಿ ತಮ್ಮನ ಹತ್ತಿರ ಮುಧೋಳ ನಾಯಿ ಇದೆ, ಗೌಜಲಕ್ಕಿಗೆ ಹೀಗೇ ತಯಾರು ಮಾಡಬಹುದಾ ಅಂದಿದ್ದೀರಿ. ಬೇಡವೇ ಬೇಡ. ನಮ್ಮೂರು ಜಮಖಂಡಿ ಕಡೆ, ನಾನು ಆ ನಾಯಿಗಳ ನಡುವೆಯೇ ಬೆಳೆದವನು. ಓಟದಲ್ಲಿ, ಮೈಕಟ್ಟಿನಲ್ಲಿ ಲರ್ಚರ್‌ಗೆ ಏನೂ ಕಮ್ಮಿ ಇಲ್ಲ. ಆದರೆ ಅಲ್ಲಿ 1972ರ ವನ್ಯಜೀವಿ ಕಾಯ್ದೆ ಇದೆ. ಗೌಜಲಕ್ಕಿ, ಮೊಲ, ನವಿಲು ಯಾವುದೂ ಆಗಲ್ಲ. ಹೊಲ ಕಾಯಲಿ, ಬಯಲಲ್ಲಿ ಓಡಲಿ, ಅಷ್ಟು ಸಾಕು ಅನ್ನಿ. ಮರಿ ಬೇಕು ಅನ್ನುವವರು ಇದ್ದರೆ ಮುಧೋಳದ ಹತ್ತಿರ ತಿಮ್ಮಾಪುರದಲ್ಲಿ ಈ ತಳಿಯ ಸಂಶೋಧನಾ ಕೇಂದ್ರವಿದೆ, ಅಲ್ಲಿ ವಿಚಾರಿಸಲಿ.

ನವೆಂಬರ್‌ಗೆ ನೀವೊಬ್ಬರೇ ಹೋಗಿ. ನಾಯಿ ಮನೆಯಲ್ಲಿ ಇರಲಿ. ಒಂದು ಗಟ್ಟಿ ಕೋಲು, ಮೊಣಕಾಲವರೆಗಿನ ರಬ್ಬರ್ ಬೂಟು, ಮುಳ್ಳಿಗೆ ಹರಿಯದ ಪ್ಯಾಂಟು. ಬುತ್ತಿಗೆ ಚಪಾತಿ ಪಲ್ಯ ಸುತ್ತಿಕೊಂಡು ಹೋಗಿ, ಅವರ ತಣ್ಣನೆ ಸ್ಯಾಂಡ್‌ವಿಚ್ ನಿಮಗೆ ಸಾಲಲ್ಲ. ಸಾಲಿನಲ್ಲಿ ಎಡಬಲದವರಿಗಿಂತ ಮುಂದೆ ಹೋಗಬೇಡಿ, ಕೀಪರ್ ನಿಲ್ಲು ಅಂದರೆ ನಿಲ್ಲಿ. ಸಂಜೆ ಒಂದು ಜೋಡಿ ಫೆಸಂಟ್ ಕೈಗೆ ಕೊಟ್ಟರೆ ಬೇಡ ಅನ್ನಬೇಡಿ. ಮಾಂಸ ಒಣಒಣ ಇರುತ್ತದೆ, ಹುರಿಯುವುದಕ್ಕಿಂತ ಕೊಬ್ಬರಿ ಮಸಾಲೆ ಅರೆದು ಸಾರು ಮಾಡಿ. ತಿನ್ನುವಾಗ ಮಾತ್ರ ಹುಷಾರು, ಗುಂಡಿನ ಚೂರು ಹಲ್ಲಿಗೆ ಸಿಗುತ್ತದೆ.